ಕಲ್ಲು ಕೊಡು!

ನಮ್ಮ ಮನೆಯ ಟಪಾಲು ಡಬ್ಬಿಯನ್ನು ಬೀಳಿಸಿದವನು ನಾನೇ. ಬೇಕೆಂದು ಬೀಳಿಸಲಿಲ್ಲ. ಹಾಗಂತ ಅರಿವಿಲ್ಲದೆ ಆದ ಕೆಲಸವೂ ಅಲ್ಲ, ಬೀಳಿಸುವ ಮುಂಚೆ ಸುಮಾರು ಹತ್ತು ಸೆಕೆಂಡು ಅದರ ಮುಖ ನೋಡುತ್ತಲೇ ಇದ್ದೆ. ಆರು ಟನ್ನಿನ ಲಾರಿ, ಸ್ವಲ್ಪವೇ ಇಳಿಜಾರು, ಮನುಷ್ಯ ನಡೆಯುವಷ್ಟು ವೇಗ. ತೇರು ಬರುವುದನ್ನು ಕಂಡು ಕೈಮುಗಿದು ನಿಂತ ಭಕ್ತನ ಹಾಗೆ ಆ ಡಬ್ಬಿ ನಿಂತಿತ್ತು. ಬ್ರೇಕ್ ಒತ್ತಿದೆ. ಬಿಸಿ ಮುದ್ದೆಯೊಳಗೆ ಬೆರಳು ಇಳಿದಷ್ಟು ಸಲೀಸಾಗಿ ಪೆಡಲ್ ಕೆಳಗೆ ಹೋಗಿ ನೆಲ ಮುಟ್ಟಿತು. ಮತ್ತೆ ಒತ್ತಿದೆ. ನೆಲ ಇನ್ನೂ ಅಲ್ಲೇ ಇತ್ತು.

ಡಬ್ಬಿ ಬಿದ್ದ ಮೇಲೆ ಹ್ಯಾಂಡ್ ಬ್ರೇಕ್ ಎಂಬುದೊಂದು ಇದೆ ಎಂದು ನೆನಪಾಯಿತು. ಎಳೆದೆ. ಈ ಲಾರಿಯಲ್ಲಿ ಅದು ಗಾಲಿಗಳಿಗೆ ಹೋಗುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಒಂದು ಪ್ರತ್ಯೇಕ ಡ್ರಮ್ ಇದೆ, ಅದನ್ನು ಹಿಡಿದು ಇಡೀ ಶಾಫ್ಟನ್ನೇ ನಿಲ್ಲಿಸುತ್ತದೆ. ಎಣ್ಣೆ, ಗಾಳಿ ಯಾವುದರ ಹಂಗೂ ಅದಕ್ಕಿಲ್ಲ, ಬರೀ ಕಬ್ಬಿಣದ ಸಂಬಂಧ. ಲಾರಿ ನಿಂತಿತು. ನಿಂತು, ಒಂದು ಗಳಿಗೆ ಯೋಚಿಸಿ, ಕಿರ್ ಎಂದು ಒಂದಂಗುಲ ಮುಂದೆ ಸರಿಯಿತು. ಆಗ ನನ್ನ ಗಂಟಲಿನಿಂದ ನಲವತ್ತು ವರ್ಷ ಹಳೆಯದೊಂದು ಕೂಗು ಹೊರಟಿತು: "ಕಲ್ಲು ಕೊಡೋ! ಕಲ್ಲು ಕೊಡು!"

ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಅಕ್ಕಪಕ್ಕದವರಿಗೆ ಆ ಕೂಗು ಹೇಗೆ ಕೇಳಿಸಿತೋ ದೇವರೇ ಬಲ್ಲ. ಕೇಳಿಸಿ, ಅರ್ಥವೂ ಆದದ್ದು ಒಬ್ಬಳಿಗೇ. ಹೆಂಡತಿ ಓಡಿ ಬಂದಳು, ಸುತ್ತ ನೋಡಿದಳು. ಇಲ್ಲಿನ ಬಡಾವಣೆಗಳಲ್ಲಿ ಕಲ್ಲೆಂದರೆ ಹೂಗಿಡದ ಬುಡಕ್ಕೆ ಹಾಸುವ ಹುಣಸೆಬೀಜದಂಥ ಹರಳು, ಅಷ್ಟೇ. ಒಳಗೆ ಹೋದವಳು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದದ್ದು ಒರಳಿನ ಗುಂಡುಕಲ್ಲನ್ನು. ಅವಳ ಅಮ್ಮ 23 ಕೆಜಿಯ ಲಗೇಜಿನಲ್ಲಿ ಸೀರೆಗಳನ್ನು ಬಿಟ್ಟು, ಉಪ್ಪಿನಕಾಯಿಯನ್ನು ಬಿಟ್ಟು, ಮಗಳು ಮಿಕ್ಸಿ ಚಟ್ನಿ ತಿಂದು ಕೆಟ್ಟುಹೋದಾಳೆಂದು ಹೊತ್ತು ತಂದ ಕಲ್ಲು ಅದು. ಅದನ್ನು ಮುಂದಿನ ಗಾಲಿಗೆ ಕೊಟ್ಟಳು. ಲಾರಿ ನಿಂತಿತು.

"ರೀ," ಎಂದಳು, "ಬ್ರೇಕ್ ಇಲ್ಲದ ಗಾಡಿಗೆ ಅಷ್ಟು ದುಡ್ಡು ಕೊಟ್ಟಿರಾ, ಇಲ್ಲಾ ಬ್ರೇಕಿಗೆ ಬೇರೆ ದುಡ್ಡಾ?"

ಈಗ ಲಾರಿಯ ವಿಷಯ ಹೇಳಿಬಿಡುತ್ತೇನೆ. ತೆಂಗಿನಕಾಯಿಯನ್ನೂ ಅಂಗಡಿಯವನ ಕೈಲೇ ಒಡೆಸಿಕೊಳ್ಳುವ ಆಸಾಮಿ ನಾನು. ಮಾಡುವುದು ಕಂಪ್ಯೂಟರಿನ ಕೆಲಸ. ಅಲ್ಲಿ ಏನಾದರೂ ಕೆಟ್ಟರೆ ಆರಿಸಿ ಮತ್ತೆ ಹಾಕಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ. ಇಂಥವನು ಎರಡು ವರ್ಷದ ಹಿಂದೆ ಒಬ್ಬ ರೈತನ ಕಣಜದಲ್ಲಿ ಎಂ35ಎ2 ಎಂಬ ಹಳೆಯ ಮಿಲಿಟರಿ ಲಾರಿಯನ್ನು ಕಂಡು ಮನಸೋತ. ಇಲ್ಲಿಯವರು ಅದನ್ನು 'ಡ್ಯೂಸ್ ಆಂಡ್ ಅ ಹಾಫ್' ಎನ್ನುತ್ತಾರೆ, ಅಂದರೆ ಎರಡೂವರೆ. ರಸ್ತೆಯೇ ಇಲ್ಲದ ಕಡೆ ಎರಡೂವರೆ ಟನ್ ಹೊರುತ್ತದೆ ಎಂಬ ಲೆಕ್ಕ. ಒಳ್ಳೆಯ ರಸ್ತೆಯಲ್ಲಿ ಇನ್ನೂ ಹೆಚ್ಚು. ಹತ್ತು ಟೈರು, ಮೂರು ಆಕ್ಸಲ್, ಎಲ್ಲಕ್ಕೂ ಎಂಜಿನ್ನಿನ ಶಕ್ತಿ. ಡೀಸೆಲ್, ಸೀಮೆಎಣ್ಣೆ, ವಿಮಾನದ ಇಂಧನ, ತೀರಾ ಕಷ್ಟಕಾಲದಲ್ಲಿ ಪೆಟ್ರೋಲು, ಏನು ಹಾಕಿದರೂ ಮುಖ ಸಿಂಡರಿಸದೆ ಕುಡಿಯುವ ಬಹುಇಂಧನದ ಎಂಜಿನ್. ಮಠದ ಪಂಕ್ತಿಯಲ್ಲಿ ಕೂತವನ ಹಾಗೆ, ಬಡಿಸಿದ್ದೆಲ್ಲ ಪ್ರಸಾದ.

ಈ ಜಾತಿಯ ಲಾರಿಯನ್ನು 1950ರ ಹೊತ್ತಿಗೆ ಮೊದಲು ಕಟ್ಟಿದ್ದು ನಮ್ಮದೇ ರಾಜ್ಯದ ರಾಜಧಾನಿ ಲ್ಯಾನ್ಸಿಂಗ್‌ನ ರಿಯೋ ಕಂಪನಿ. ರಿಯೋ ಎಂದರೆ ರಾನ್ಸಮ್ ಇ. ಓಲ್ಡ್ಸ್ ಎಂಬ ಪುಣ್ಯಾತ್ಮನ ಇನಿಷಿಯಲ್ಲುಗಳು. ಮೊದಲು ಓಲ್ಡ್ಸ್‌ಮೊಬೈಲ್ ಕಾರಿಗೆ ಹೆಸರನ್ನು ಕೊಟ್ಟ, ಆಮೇಲೆ ಆ ಕಂಪನಿ ಬಿಟ್ಟು ಬಂದು ಇನಿಷಿಯಲ್ಲುಗಳಲ್ಲಿ ಇನ್ನೊಂದು ಕಂಪನಿ ತೆಗೆದ. ಹೆಸರನ್ನು ಇಷ್ಟು ಜುಗ್ಗತನದಿಂದ ಬಳಸಿದವರನ್ನು ನಾನು ನಮ್ಮ ಕಡೆಯ ಲೇವಾದೇವಿಯವರಲ್ಲೂ ಕಂಡಿಲ್ಲ. ನನ್ನ ಲಾರಿ ತಯಾರಾದದ್ದು 1971ರಲ್ಲಿ. ನಾನು ತಯಾರಾದದ್ದೂ ಅದೇ ವರ್ಷ. ನಾವಿಬ್ಬರೂ ಹುಟ್ಟಿದಾಗ ಕರ್ನಾಟಕಕ್ಕಿನ್ನೂ ಮೈಸೂರು ರಾಜ್ಯ ಎಂದೇ ಹೆಸರು. ಕೀಲುಗಳ ಸದ್ದಿನಲ್ಲೂ ನಮಗೆ ಸಾಮ್ಯವಿದೆ. ಇಷ್ಟು ಕಾರಣ ಸಾಲದೆ ಕೊಳ್ಳುವುದಕ್ಕೆ?

ಸಾಲದು ಎಂದಿದ್ದಳು ಹೆಂಡತಿ. ನಿಜವಾದ ಕಾರಣ ಬೇರೆಯೇ ಇತ್ತು, ಅದನ್ನು ನಾನು ಹೇಳಿರಲಿಲ್ಲ.

ನನ್ನ ಸೋದರಮಾವನದು ಚಳ್ಳಕೆರೆಯಲ್ಲಿ ಲಾರಿ ಗ್ಯಾರೇಜು. ಚಳ್ಳಕೆರೆಯೆಂದರೆ ಶೇಂಗಾ ಎಣ್ಣೆ ಗಾಣಗಳ ಊರು, ಎಣ್ಣೆ ನಗರ ಎಂದೇ ಹೆಸರು. ಮಾವ ಮೊದಲು ಡ್ರೈವರು, ಆಮೇಲೆ ಮೇಸ್ತ್ರಿ. ಜನ 'ಟಾಟಾ ಬೆಂಜ್' ಎಂದು ಕರೆಯುತ್ತಿದ್ದ ಲಾರಿಗಳ ಕಾಲ ಅದು. ಟಾಟಾದವರಿಗೂ ಜರ್ಮನಿಯ ಬೆಂಜ್‌ನವರಿಗೂ ಒಪ್ಪಂದ ಇದ್ದದ್ದು 1954ರಿಂದ 1969ರವರೆಗೆ ಮಾತ್ರ. ನಮ್ಮ ಊರಲ್ಲಿ ಆ ಒಪ್ಪಂದ ಎಂಬತ್ತರ ದಶಕ ಕಳೆದರೂ ಮುಗಿದಿರಲಿಲ್ಲ. ಬೇಸಿಗೆ ರಜೆಯಲ್ಲಿ ಮಾವ ನನ್ನನ್ನು ಎಣ್ಣೆ ಡಬ್ಬಗಳ ಲೋಡಿನ ಜೊತೆ ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದ. ಘಾಟಿಯಲ್ಲಿ ಎಲ್ಲೇ ನಿಂತರೂ ಕ್ಲೀನರ್ ಹುಡುಗ ಚಲಿಸುವ ಗಾಡಿಯಿಂದಲೇ ಜಿಗಿದು ಗಾಲಿಗೆ ಕಲ್ಲು ಕೊಡಬೇಕು. ಒಂದು ಸಲ ಕ್ಲೀನರನಿಗೆ ಜ್ವರ, ಆ ಪದವಿ ನನಗೆ ಬಂತು. "ಕಲ್ಲು ಕೊಡೋ ಅಳಿಯಾ!" ಎಂದು ಮಾವ ಕೂಗಿದಾಗ ನನಗೆ ಹತ್ತು ವರ್ಷ, ಕಲ್ಲಿಗೆ ನನ್ನ ಅರ್ಧ ತೂಕ. ಕೊಟ್ಟೆ. ಅಷ್ಟು ದೊಡ್ಡ ಗಾಡಿ ನಾನಿಟ್ಟ ಕಲ್ಲಿಗೆ ನಿಂತದ್ದನ್ನು ನೋಡಿದ ಹೆಮ್ಮೆ ಆಮೇಲೆ ಯಾವ ಬಡ್ತಿಯಲ್ಲೂ ಸಿಗಲಿಲ್ಲ. ಲಾರಿ ಕೊಂಡದ್ದು ಅದಕ್ಕೆ.

ಟಪಾಲು ಡಬ್ಬಿ ಬಿದ್ದ ರಾತ್ರಿ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ರಾತ್ರಿ ಒಂಬತ್ತೂವರೆ ಎಂದರೆ ಅಲ್ಲಿ ಬೆಳಿಗ್ಗೆ ಏಳು. ಮಾವನಿಗೀಗ ಎಂಬತ್ತರ ಹತ್ತಿರ. ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಒಂದೇ ಪ್ರಶ್ನೆ ಕೇಳಿದ: "ಪೆಡಲ್ ಕಲ್ಲೋ, ಬೆಣ್ಣೆಯೋ?"

ಇಷ್ಟು ವರ್ಷ ನಾನು ಓದಿದ ಯಾವ ಕೈಪಿಡಿಯಲ್ಲೂ ಇಂಥ ಚೊಕ್ಕ ಪ್ರಶ್ನೆ ಇಲ್ಲ. ಪೆಡಲ್ ಕಲ್ಲಿನ ಹಾಗೆ ಬಿಗಿಯಾಗಿದ್ದು ಗಾಡಿ ನಿಲ್ಲದಿದ್ದರೆ ಗಾಳಿಯ ಸಹಾಯ ಬರುತ್ತಿಲ್ಲ. ಬೆಣ್ಣೆಯ ಹಾಗೆ ಮೆತ್ತಗಿದ್ದರೆ ಎಣ್ಣೆಯೊಳಗೆ ಗಾಳಿ ಸೇರಿದೆ, ಇಲ್ಲವೇ ಎಣ್ಣೆಯೇ ಇಲ್ಲ. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹಿಡಿದರೆ ಲೈನರ್ ಸವೆದು ಡ್ರಮ್ಮಿನಿಂದ ದೂರವಾಗಿದೆ, ಹತ್ತಿರ ತರಬೇಕು. ಒತ್ತಿ ಹಿಡಿದರೆ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಒಳಗೆ ವಾಷರ್ ಹೋಗಿದೆ. ಡಾಕ್ಟರು ನಾಲಿಗೆ ತೋರಿಸು ಅಂದ ಹಾಗೆ, ಮೊದಲು ಪೆಡಲ್.

"ಬೆಣ್ಣೆ ಮಾವ. ಕರಗಿದ ಬೆಣ್ಣೆ."

"ಹಾಗಾದ್ರೆ ಎಣ್ಣೆ ನೋಡು. ಆಮೇಲೆ ಫೋನ್ ಮಾಡು." ಕಾಫಿ ಆರುತ್ತಿತ್ತು, ಇಟ್ಟುಬಿಟ್ಟ.

ಈ ಬ್ರೇಕಿನ ಸ್ವಭಾವ ಸ್ವಲ್ಪ ಹೇಳಬೇಕು. ಸಣ್ಣ ಕಾರುಗಳದು ಎಣ್ಣೆಯ ಬ್ರೇಕು. ಕಾಲು ಒತ್ತಿದ ಒತ್ತಡ ಕೊಳವೆಯೊಳಗಿನ ಎಣ್ಣೆಯಲ್ಲಿ ಒಂದೇ ಸಮನಾಗಿ ಹರಡಿ ಎಲ್ಲ ಗಾಲಿಗೂ ತಲುಪುತ್ತದೆ, ಶಾಲೆಯಲ್ಲಿ ಓದಿ ಮರೆತ ಪಾಸ್ಕಲ್‌ನ ನಿಯಮ. ಕಾರಿನ ನಾಲ್ಕೂ ಗಾಲಿಗೆ ಈ ಬ್ರೇಕನ್ನು ಹೊಂದಿಸಿ 1917ರಲ್ಲಿ ಪೇಟೆಂಟ್ ಪಡೆದವನು ಮಾಲ್ಕಮ್ ಲಾಕ್‌ಹೀಡ್. ಅವನ ಮನೆತನದ ಹೆಸರಿನ ಕಾಗುಣಿತವನ್ನು ಅಮೆರಿಕದವರೇ ಸರಿಯಾಗಿ ಓದಲಾರದೆ 'ಲಾಗ್‌ಹೆಡ್' ಎನ್ನುತ್ತಿದ್ದರಂತೆ; ಬೇಸತ್ತು, ಉಚ್ಚಾರಕ್ಕೆ ತಕ್ಕ ಹಾಗೆ ಕಾಗುಣಿತವನ್ನೇ ಬದಲಿಸಿಕೊಂಡರು. ನನ್ನ ಹೆಸರನ್ನು ಇಲ್ಲಿಯ ಬ್ಯಾಂಕಿನವರು ಕೂಗುವುದನ್ನು ಕೇಳಿದಾಗಲೆಲ್ಲ ಆ ಮನೆತನದ ಮೇಲೆ ಪ್ರೀತಿ ಉಕ್ಕುತ್ತದೆ. ಇನ್ನು ರೈಲು, ದೊಡ್ಡ ಲಾರಿಗಳದು ಗಾಳಿಯ ಬ್ರೇಕು. ಅದರ ಮೂಲಪುರುಷ ಜಾರ್ಜ್ ವೆಸ್ಟಿಂಗ್‌ಹೌಸ್, 1869ರಲ್ಲಿ ಪೇಟೆಂಟ್ ಪಡೆದಾಗ ಇನ್ನೂ ಇಪ್ಪತ್ತೆರಡರ ಹುಡುಗ.

ನನ್ನ ಲಾರಿ ಇವೆರಡರ ನಡುವಿನ ಸಂಬಂಧ. ಗಾಲಿಗಳಿಗೆ ಹೋಗುವುದು ಎಣ್ಣೆಯೇ. ಆದರೆ ಆರು ಟನ್ ನಿಲ್ಲಿಸಲು ಮನುಷ್ಯನ ಕಾಲಿನ ಬಲ ಸಾಲದು. ಅದಕ್ಕೆ ದಾರಿಯ ಮಧ್ಯೆ ಏರ್‌ಪ್ಯಾಕ್ ಎಂಬ ಒಂದು ಡಬ್ಬಿ ಕೂತಿದೆ. ಕಾಲು ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬಂದ ಎಣ್ಣೆ ಈ ಡಬ್ಬಿಯ ಬಾಗಿಲು ತಟ್ಟಿ ಒಂದು ಸಣ್ಣ ಕವಾಟ ತೆರೆಯುತ್ತದೆ. ಟ್ಯಾಂಕಿನಲ್ಲಿ ಕಾದು ಕೂತ ಗಾಳಿ ಒಳನುಗ್ಗಿ ದೊಡ್ಡದೊಂದು ತಟ್ಟೆಯನ್ನು ತಳ್ಳುತ್ತದೆ, ತಟ್ಟೆಯ ಹಿಂದಿನ ದಂಡ ಎಣ್ಣೆಯನ್ನು ಇನ್ನಷ್ಟು ಜೋರಾಗಿ ಗಾಲಿಗಳತ್ತ ಅದುಮುತ್ತದೆ. ತಟ್ಟೆ ಹತ್ತು ಚದರ ಅಂಗುಲ ಅಂತಲೇ ಇಟ್ಟುಕೊಳ್ಳಿ, ಗಾಳಿ ಅಂಗುಲಕ್ಕೆ ನೂರು ಪೌಂಡು. ಸಾವಿರ ಪೌಂಡು, ಸುಮಾರು ನಾನೂರೈವತ್ತು ಕಿಲೋ ತಳ್ಳಾಟ. ಮದುವೆಯಲ್ಲಿ ತಾಳಿ ಕಟ್ಟುವವನು ವರನೇ, ಓಡಾಡುವವನು ಮಾತ್ರ ಸೋದರಮಾವ. ಈ ಡಬ್ಬಿ ಆ ಸೋದರಮಾವ. ಕಾಲು ಬಿಟ್ಟ ಕೂಡಲೇ ಒಳಗಿನ ಗಾಳಿ 'ಪುಸ್' ಎಂದು ಹೊರಗೆ ಹೋಗುತ್ತದೆ, ಕೆಲಸ ಮುಗಿಸಿ ಹೆಗಲ ಮೇಲಿನ ಟವಲ್ಲು ಕೊಡವಿದ ಹಾಗೆ.

ಇಲ್ಲೊಂದು ಭಯದ ಸಂಗತಿ ಇದೆ. ಆರು ಗಾಲಿಗೂ ಒಂದೇ ಎಣ್ಣೆಯ ದಾರಿ. ಈಗಿನ ಕಾರುಗಳಲ್ಲಿ ಎರಡು ದಾರಿ, ಒಂದು ಕೈಕೊಟ್ಟರೆ ಇನ್ನೊಂದು. ನನ್ನ ಲಾರಿಯಲ್ಲಿ ಎಲ್ಲೇ ಒಂದು ರಬ್ಬರ್ ಹರಿದರೂ ಆರೂ ಗಾಲಿ ಒಟ್ಟಿಗೆ ಸನ್ಯಾಸ ತೆಗೆದುಕೊಳ್ಳುತ್ತವೆ. ಗಾಳಿ ಅರವತ್ತು ಪೌಂಡಿನ ಸುಮಾರಿಗಿಂತ ಕೆಳಗಿಳಿದರೆ ಒಂದು ಬಜರ್ ಕೆಟ್ಟದಾಗಿ ಅರಚಿಕೊಳ್ಳುತ್ತದೆ, ಆದರೆ ಎಣ್ಣೆ ಖಾಲಿಯಾದರೆ ಯಾರೂ ಅರಚುವುದಿಲ್ಲ. ಇನ್ನೊಂದು ತಮಾಷೆ, ಗಾಜಿನ ವೈಪರೂ ಓಡುವುದು ಗಾಳಿಯಲ್ಲೇ, ಹಾರನ್ನೂ ಗಾಳಿಯದೇ. ಮಳೆಯಲ್ಲಿ ಮುಂದಿನದನ್ನು ನೋಡುವುದು, ನೋಡಿದವರನ್ನು ಎಚ್ಚರಿಸುವುದು, ನಿಲ್ಲಿಸುವುದು, ಮೂರಕ್ಕೂ ಒಂದೇ ಪಗಾರ. ನಮ್ಮ ತಂದೆಯವರ ಸಂಸಾರ ನೆನಪಾಗುತ್ತದೆ.

ಮಾರನೆಯ ದಿನ ಎಣ್ಣೆ ನೋಡಿದೆ. ಮಾಸ್ಟರ್ ಸಿಲಿಂಡರ್ ಡ್ರೈವರನ ಕಾಲಡಿ ಇದೆ. ನೆಲದ ತಗಡು ಬಿಚ್ಚಿ, ಟಾರ್ಚ್ ಬಿಟ್ಟು ಇಣುಕಬೇಕು. ಬಾವಿ ಒಣಗಿತ್ತು. ಸರಿ, ಎಲ್ಲೋ ಸೋರಿದೆ. ಆರು ಗಾಲಿಯ ಒಳಮಗ್ಗುಲನ್ನೂ ಮಲಗಿ ಎದ್ದು ನೋಡಿದೆ, ಬೆರಳಾಡಿಸಿದೆ. ಒಣ ಧೂಳು. ಕೊಳವೆಗಳ ಉದ್ದಕ್ಕೂ ಕಾಗದ ಒರೆಸುತ್ತಾ ಹೋದೆ, ಕಾಗದ ಬೆಳ್ಳಗೇ ಉಳಿಯಿತು. ಗಾಳಿಯ ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿದೆ, ಒಂದು ಗುಳ್ಳೆಯೂ ಏಳಲಿಲ್ಲ. ನೆಲದ ಮೇಲೆ ಒಂದು ತೊಟ್ಟಿಲ್ಲ. ಡಬ್ಬದಲ್ಲಿಟ್ಟ ಕೋಡುಬಳೆ ಖಾಲಿಯಾಗಿ, ಮನೆಯಲ್ಲಿ ಯಾರೂ ತಿಂದಿಲ್ಲ ಎಂದರೆ ಹೇಗೋ, ಹಾಗೆ.

ನನ್ನ ಬುದ್ಧಿಗೆ ಹೊಳೆದದ್ದು ಒಂದೇ: ಸೋರಿಲ್ಲ, ಅಂದರೆ ಆವಿಯಾಗಿದೆ, ತುಂಬಿಸಿಬಿಡೋಣ. ಕಾರಿಗೆ ಹಾಕುವ ಬ್ರೇಕ್ ಆಯಿಲ್ ಬಾಟಲಿ ತಂದು ಮುಚ್ಚಳ ತಿರುವುತ್ತಿದ್ದೆ. ಆಗ ಪಕ್ಕದ ಮನೆಯ ಅಜ್ಜ ಬೇಲಿ ದಾಟಿ ಬಂದರು. ಮಾತು ಕಡಿಮೆ. ಸೈನ್ಯದಲ್ಲಿ ಇದೇ ಲಾರಿಗಳ ರಿಪೇರಿ ಮಾಡಿದವರು. ಎರಡು ವರ್ಷದಿಂದ ನನ್ನ ಲಾರಿಯನ್ನು ಕಿಟಕಿಯಿಂದ ನೋಡುತ್ತಿದ್ದರಂತೆ, ಕರೆಯದೆ ಹೋಗಬಾರದೆಂದು ಸುಮ್ಮನಿದ್ದರಂತೆ. ಕೈಯಿಂದ ಬಾಟಲಿ ಕಿತ್ತುಕೊಂಡರು. ಅಮೆರಿಕದ ಸೈನ್ಯ 1980ರ ದಶಕದಲ್ಲಿ ತನ್ನ ವಾಹನಗಳಿಗೆ ಸಿಲಿಕೋನ್ ಎಣ್ಣೆ ಹಾಕಿಸಿತು, ಡಾಟ್ 5 ಎಂದು ಅದರ ದರ್ಜೆ, ಬಣ್ಣ ನೇರಳೆ. ಕಾರಿನ ಡಾಟ್ 3 ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಸಿಲಿಕೋನ್ ಹೀರುವುದಿಲ್ಲ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ಅದೇ ಸರಿ. ಎರಡನ್ನೂ ಬೆರೆಸಿದರೆ ಒಂದಕ್ಕೊಂದು ಸೇರುವುದಿಲ್ಲ, ಒಳಗೆಲ್ಲ ರಾಡಿ. ಇದನ್ನೆಲ್ಲ ಅಜ್ಜ ಹೇಳಿದ್ದು ಮೂರು ವಾಕ್ಯದಲ್ಲಿ. ನಾಲ್ಕನೆಯದಾಗಿ, "ಏರ್‌ಪ್ಯಾಕಿನ ಮೂಗು ನೋಡಿದೆಯಾ?" ಎಂದರು.

ಮೂಗು ಎಂದರೆ ಆ 'ಪುಸ್' ಎನ್ನುವ ತೂತು. ಬೆರಳಿಟ್ಟೆ. ಹೊರತೆಗೆದಾಗ ಬೆರಳ ತುದಿ ನೇರಳೆ ಹಣ್ಣು ತಿಂದ ನಾಲಿಗೆಯಂತಾಗಿತ್ತು.

ಮಾವನಿಗೆ ಹೇಳಿದಾಗ ಜೋರಾಗಿ ನಕ್ಕ. ಡಬ್ಬಿಯೊಳಗೆ ಎಣ್ಣೆಯ ಮನೆಗೂ ಗಾಳಿಯ ಮನೆಗೂ ನಡುವೆ ಇರುವುದು ರಬ್ಬರಿನ ಒಂದು ವಾಷರು. ಅದು ಸವೆದರೆ ಎಣ್ಣೆ ಗಾಳಿಯ ಕಡೆ ನುಸುಳುತ್ತದೆ, ಪ್ರತಿ ಸಲ ಬ್ರೇಕ್ ಬಿಟ್ಟಾಗ ಗಾಳಿಯ ಜೊತೆ ತುಂತುರಾಗಿ ಹೊರಗೆ ಹೋಗುತ್ತದೆ. ತೊಟ್ಟು ಬೀಳುವುದಿಲ್ಲ, ಕಲೆ ಆಗುವುದಿಲ್ಲ. ಕಳ್ಳ ಬೇರೆಲ್ಲೂ ಇರಲಿಲ್ಲ, ಸಹಾಯಕ್ಕೆಂದು ಇಟ್ಟುಕೊಂಡವನೇ ದಿನಕ್ಕೊಂದು ಚಮಚ ಕದಿಯುತ್ತಿದ್ದ.

"ವಾಷರ್ ಯಾಕೆ ಸವೀತು ಗೊತ್ತಾ ಅಳಿಯಾ? ಗಾಳಿ ಟ್ಯಾಂಕಿನ ನೀರು ದಿನಾ ಬಿಡ್ತೀಯಾ?"

"ಯಾವ ನೀರು ಮಾವ?"

ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕರೆ ಕಟ್ಟಾಯಿತೇನೋ ಎಂದು ನೋಡಿದೆ. ಮಾವ ಹಣೆ ಮೇಲೆ ಕೈ ಇಟ್ಟುಕೊಂಡು ಕೂತಿದ್ದ. ಗಾಳಿಯನ್ನು ಅದುಮಿ ತುಂಬಿದಾಗ ಅದರ ತೇವವೆಲ್ಲ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ದಿನಾ ಸಂಜೆ ತಳದ ನಲ್ಲಿ ತಿರುಗಿಸಿ ಬಿಡಬೇಕು. ಬಿಡದಿದ್ದರೆ ಆ ನೀರು ಗಾಳಿಯ ಜೊತೆ ಡಬ್ಬಿಗೆ ಹೋಗಿ ಒಳಗೆ ತುಕ್ಕು, ತುಕ್ಕಿನ ಮೇಲೆ ವಾಷರ್ ಓಡಾಡಿ ಓಡಾಡಿ ಚಿಂದಿ. ನಾನು ಎರಡು ವರ್ಷದಿಂದ ಆ ನಲ್ಲಿಯನ್ನು ಮುಟ್ಟಿರಲಿಲ್ಲ, ಅಲ್ಲೊಂದು ನಲ್ಲಿ ಇದೆ ಎಂದೂ ತಿಳಿದಿರಲಿಲ್ಲ. ಕೆಳಗೆ ಮಲಗಿ ತಿರುಗಿಸಿದೆ. ಹಾಲು ಹಾಕದ ಚಹಾದ ಬಣ್ಣದ ನೀರು ನೂರು ಪೌಂಡಿನ ಜೋರಿನಲ್ಲಿ ಮುಖಕ್ಕೆ ರಾಚಿತು. ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದರು. ಅನುಭವ.

ರಿಪೇರಿಯಾದ ಏರ್‌ಪ್ಯಾಕ್ ಒಂದನ್ನು ತರಿಸಿದೆ, ಒಳ್ಳೆಯ ಹಲಸಿನಹಣ್ಣಿನ ಗಾತ್ರ ಮತ್ತು ತೂಕ. ಪಾರ್ಸೆಲ್ಲಿನವನು ಬಿದ್ದ ಟಪಾಲು ಡಬ್ಬಿಯ ಪಕ್ಕದಲ್ಲೇ ಇಟ್ಟು ಹೋದ, ಸಂತಾಪ ಸೂಚಿಸುವಂತೆ. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿದ ಎರಡು ದಿನದ ಕಥೆ ಬೇಡ. ಅದರಲ್ಲಿ ಬೈಗುಳಗಳೇ ಹೆಚ್ಚು, ಮತ್ತು ಅವು ಅಚ್ಚಗನ್ನಡದವು.

ನಿಜವಾದ ಪರೀಕ್ಷೆ ಏರ್ ತೆಗೆಯುವುದು. ಎಣ್ಣೆಯೊಳಗೆ ಒಂದು ಗುಳ್ಳೆ ಉಳಿದರೂ ಪೆಡಲ್ ಮತ್ತೆ ಬೆಣ್ಣೆ, ಯಾಕೆಂದರೆ ಎಣ್ಣೆ ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಮೊದಲು ಡಬ್ಬಿಯ ನಿಪ್ಪಲ್, ಆಮೇಲೆ ತೀರಾ ದೂರದ ಗಾಲಿಯಿಂದ ಹತ್ತಿರಕ್ಕೆ. ಇದಕ್ಕೆ ಇಬ್ಬರು ಬೇಕು, ಮೂವರಾದರೆ ಒಳ್ಳೆಯದು. ಪೆಡಲಿನ ಮೇಲೆ ಹೆಂಡತಿ, ಮಾಸ್ಟರ್ ಸಿಲಿಂಡರಿಗೆ ನೇರಳೆ ಎಣ್ಣೆ ಎರೆಯುತ್ತಾ ಮಗಳು, ಪಾನಾ ಹಿಡಿದು ಲಾರಿಯಡಿ ನಾನು. "ಒತ್ತು!" ಎನ್ನಬೇಕು. ಒತ್ತಬೇಕು. "ಹಿಡಿ!" ಹಿಡಿಯಬೇಕು. ನಾನು ನಿಪ್ಪಲ್ ಸಡಿಲಿಸಿದಾಗ ಗುಳ್ಳೆಯೆಣ್ಣೆ ಬಾಟಲಿಗೆ ಹೊರಡುತ್ತದೆ. ಬಿಗಿ ಮಾಡಿದ ಮೇಲೆ "ಬಿಡು!" ಎನ್ನಬೇಕು, ಆಗ ಮಾತ್ರ ಬಿಡಬೇಕು. ಅದಕ್ಕೂ ಮುಂಚೆ ಬಿಟ್ಟರೆ ಹೊರಗಿನ ಗಾಳಿಯನ್ನೇ ಒಳಗೆಳೆದುಕೊಂಡು ಮೊದಲಿಂದ ಶುರು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ನನ್ನ ಇಷ್ಟು ಆಜ್ಞೆಗಳನ್ನು ಆಕೆ ಒಟ್ಟಿಗೆ ಕೇಳಿದ್ದು ಅದೇ ಮೊದಲು. ಐದು ಗಾಲಿ ಮುಗಿದಿತ್ತು. ಆರನೆಯದಕ್ಕೆ "ಹಿಡಿ" ಎಂದಿದ್ದೆ, ಅಷ್ಟರಲ್ಲಿ ತವರಿನಿಂದ ಫೋನ್ ಬಂತು.

"ಅಮ್ಮಾ, ಹೇಳಿ," ಎಂದದ್ದು ಕೇಳಿಸಿತು. ಪೆಡಲ್ ಮೇಲಕ್ಕೆ ಹೋದದ್ದೂ ಕೇಳಿಸಿತು. ಬಾಟಲಿಯ ಕೊಳವೆಯಲ್ಲಿ 'ಗುಳುಗುಳು' ಎಂದದ್ದು ನನಗೊಬ್ಬನಿಗೇ ಕೇಳಿಸಿತು.

"ಇಲ್ಲಮ್ಮ, ಕಲ್ಲು ಚೆನ್ನಾಗಿದೆ," ಎನ್ನುತ್ತಿದ್ದಳು ಮೇಲೆ. "ದಿನಾ ಉಪಯೋಗಿಸ್ತಾ ಇದೀವಿ."

ಸಂಜೆ ಆರರ ಹೊತ್ತಿಗೆ ಪೆಡಲ್ ಗಟ್ಟಿಯಾಯಿತು. ಎಂಜಿನ್ ಹಾಕಿ, ಗಾಳಿ ನೂರರ ಮೇಲೆ ಹತ್ತುವವರೆಗೆ ಕಾದು, ಅದೇ ಇಳಿಜಾರಿನಲ್ಲಿ ಬಿಟ್ಟೆ. ಅಜ್ಜ ಹೊಸ ಟಪಾಲು ಡಬ್ಬಿಯ ಮುಂದೆ ತಾವೇ ಬಂದು ನಿಂತರು. ಇದು ನಂಬಿಕೆಯೋ, ಡಬ್ಬಿಯ ಮೇಲಿನ ಕಾಳಜಿಯೋ ತಿಳಿಯಲಿಲ್ಲ. ಒತ್ತಿದೆ. ಲಾರಿ ಮೂಗು ತಗ್ಗಿಸಿ ಅವರಿಂದ ಎರಡು ಗೇಣಿನಲ್ಲಿ ನಿಂತಿತು. ಬಿಟ್ಟೆ. 'ಪುಸ್'. ಅಜ್ಜ ಬಗ್ಗಿ ಆ ಮೂಗಿಗೆ ಕೈವಸ್ತ್ರ ಒತ್ತಿ ನೋಡಿದರು, ಬಿಳಿ. ಮಡಿಸಿ ಜೇಬಿಗಿಟ್ಟುಕೊಂಡು ಮನೆಗೆ ಹೋದರು.

ಗುಂಡುಕಲ್ಲು ಅಡುಗೆಮನೆಗೆ ವಾಪಸಾಯಿತು. ಹುಣಸೆಹಣ್ಣು ಹಾಕಿ ಮೂರು ಸಲ, ಆಮೇಲೆ ಬಿಸಿನೀರಲ್ಲಿ ಎರಡು ಸಲ ತಿಕ್ಕಿದ್ದಾಯಿತು. ಆದರೂ ಒಂದು ಮಗ್ಗುಲಲ್ಲಿ ಟೈರಿನ ಕಪ್ಪು ಗೆರೆ ಉಳಿದಿದೆ. ಚಟ್ನಿ ರುಬ್ಬುವಾಗ ಆ ಮಗ್ಗುಲು ಮೇಲೆ ಬಂದಾಗಲೆಲ್ಲ ಹೆಂಡತಿ ತಲೆಯೆತ್ತಿ ನನ್ನನ್ನು ನೋಡುತ್ತಾಳೆ. ನಾನು ಟ್ಯಾಂಕಿನ ನೀರು ಬಿಡಲು ಹೊರಗೆ ಹೋಗುತ್ತೇನೆ.